ಎಡಗಾಲು ಕೇಳದ ಕಾರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಊರಿನವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಸಂಶಿಯ ಬಸ್ ನಿಲ್ದಾಣದ ಹಿಂದೆ, ದೊಡ್ಡ ಬೇವಿನ ಮರದ ಕೆಳಗೆ ನನ್ನ ಗ್ಯಾರೇಜು. ಟ್ರ್ಯಾಕ್ಟರು, ಜೀಪು, ಹತ್ತಿ ಹೇರುವ ಲಾರಿ, ಯಾವುದು ಬಂದರೂ ಬಿಚ್ಚುತ್ತಿದ್ದೆ. ಎಂಬತ್ತರ ದಶಕದ ನಡುವಿನ ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ನಾನು ಕೈ ಹಾಕದ ಗೇರ್ ಬಾಕ್ಸ್ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬವನ್ನು ಮಣ್ಣುಪಾಲು ಮಾಡಿದ್ದೂ ಒಂದು ಕಾರು, ಆಮೇಲೆ ಅದನ್ನು ಎರಡು ಪಟ್ಟು ಮಾಡಿಕೊಟ್ಟಿದ್ದೂ ಅದೇ ಕಾರು.

ಕಾರು ನಮ್ಮೂರಿನ ಲೇಡಿ ಡಾಕ್ಟರದು, ಊರಿಗೆಲ್ಲ ಅವರು ಡಾಕ್ಟರ್ ಬಾಯಿ. ಅವರಿಗೆ ಆಗ ನಲವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಎಡಗಾಲು ಸಣಕಲಾಗಿತ್ತು, ಅದರಲ್ಲಿ ಗಾಡಿಯ ಕ್ಲಚ್ ಒತ್ತುವಷ್ಟು ಬಲವಿರಲಿಲ್ಲ. ಕೋಲು ಊರಿಕೊಂಡೇ ಓಡಾಡಿ ಅವರ ಕೈಗಳು ಮಾತ್ರ ಪೈಲ್ವಾನರ ಕೈಗಳಂತಾಗಿದ್ದವು. ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಅವರಿಗೇ ಹೇಳಿಕಳಿಸುತ್ತಿದ್ದರು. ಅವರು ಚೀಲ ಹಿಡಿದು ಬಾಗಿಲಿಗೆ ಬಂದು ನಿಂತರೂ ಬಾಡಿಗೆ ಜೀಪಿನ ಡ್ರೈವರ್ ಸಿಗಬೇಕಲ್ಲ. ಒಬ್ಬ ಮಾವನ ಮನೆಗೆ ಹೋಗಿರುತ್ತಿದ್ದ, ಇನ್ನೊಬ್ಬ ಇಸ್ಪೀಟಿನ ಮುಂದೆ ಕೂತಿರುತ್ತಿದ್ದ, ಮೂರನೆಯವನು ಊಟ ಮುಗಿಸಿಯೇ ಬರುತ್ತೇನೆ ಎನ್ನುತ್ತಿದ್ದ. ಬಾಯಿಯವರು ಯಾರನ್ನೂ ಬೈದವರಲ್ಲ. ಆದರೆ ಡ್ರೈವರನಿಗಾಗಿ ಕಾಯುತ್ತ ಅವರು ಕೋಲಿನ ತುದಿಯಿಂದ ನೆಲ ಕುಟ್ಟುವ ಸದ್ದು ನನ್ನ ಗ್ಯಾರೇಜಿನವರೆಗೂ ಕೇಳುತ್ತಿತ್ತು.

ಮುಂಬಯಿಯಲ್ಲಿದ್ದ ಅವರ ತಮ್ಮ ಒಂದು ಬೇಸಿಗೆಯಲ್ಲಿ ಅವರಿಗೆ ತನ್ನ ಹಳೆಯ ಕಾರನ್ನು ಕಳಿಸಿಕೊಟ್ಟ. ಲಾರಿಯಿಂದ ಅದು ಇಳಿದಾಗ ನಿಲ್ದಾಣದಲ್ಲಿದ್ದವರೆಲ್ಲ ಬಸ್ಸು ಬಿಟ್ಟು ಅದನ್ನೇ ನೋಡುತ್ತ ನಿಂತರು. ಅಮೇರಿಕಾದ ಕಾರು, ಹಾಲಿನಂಥ ಬಿಳಿ ಬಣ್ಣ, ಎಂಟು ಸಿಲಿಂಡರ್. ಕಾಲ ಬಳಿ ನೋಡಿದರೆ ಎರಡೇ ಪೆಡಲು. ಕ್ಲಚ್ ಇಲ್ಲವೇ ಇಲ್ಲ, ಗೇರು ತಾನೇ ಬದಲಾಗುತ್ತದೆ. ಅಂಥದೇ ಬೇರೊಂದು ಕಾರಿನಲ್ಲಿ ಬಾಯಿಯವರು ಮುಂಬಯಿಯಲ್ಲಿ ಕಲಿತು ಲೈಸೆನ್ಸನ್ನೂ ತೆಗೆದುಕೊಂಡಿದ್ದರು. ಎಡಗಾಲಿನ ಕೆಲಸವೇ ಇಲ್ಲದ ಗಾಡಿ. ಅಂದು ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆತಿಲ್ಲ.

ಆ ಸಂತೋಷ ಒಂದು ವಾರವೂ ಬಾಳಲಿಲ್ಲ. ಕಾರು ಶುರುವಾಗುತ್ತಿತ್ತು, ನಿಂತಲ್ಲೇ ಮೈ ನಡುಗಿಸುತ್ತ ಗುಡುಗುಡು ಎನ್ನುತ್ತಿತ್ತು. ಗೇರಿಗೆ ಹಾಕಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಸದ್ದು ಏರುತ್ತಿತ್ತೇ ಹೊರತು ಗಾಡಿ ಬೇಕೋ ಬೇಡವೋ ಎಂಬಂತೆ ತೆವಳುತ್ತಿತ್ತು. ಇನ್ನಷ್ಟು ಒತ್ತಿದರೆ ಒಮ್ಮೆಲೇ ಹಿಂದಿನಿಂದ ಯಾರೋ ಒದ್ದಂತೆ ಜಿಗಿಯುತ್ತಿತ್ತು. ಹೆದರಿ ಕಾಲು ತೆಗೆದರೆ ಮತ್ತೆ ಸಪ್ಪೆ. ಸ್ವಲ್ಪ ಏರು ಬಂದರಂತೂ ಬರೀ ಕೂಗಾಟ.

"ಹಿಡಿಯವಲ್ದರಿ ಬಾಯಾರ, ಜಾರಾಕತ್ತೈತಿ," ಎಂದೆ ನಾನು, ತಜ್ಞನ ಗತ್ತಿನಲ್ಲಿ.

"ಏನ್ ಜಾರಾಕತ್ತೈತ್ರಿ ಮಿಸ್ತ್ರಿ? ಕ್ಲಚ್ಚ ಇಲ್ಲಲ್ಲ ಇದಕ್ಕ?"

"ಒಳಗ ಎಲ್ಲೋ ಇರ್ತೈತ್ರಿ. ನಾ ನೋಡ್ಕೋತೀನಿ ಬಿಡ್ರಿ."

ನೋಡಿಕೊಂಡ ರೀತಿಯನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಗೇರ್ ಬಾಕ್ಸಿನ ಎಣ್ಣೆ ಇಳಿಸಿದೆ. ಕೆಂಪಗೆ, ನೀರಿನಂತೆ ತೆಳ್ಳಗಿತ್ತು. ಇಷ್ಟು ತೆಳು ಎಣ್ಣೆ ಇದ್ದರೆ ಜಾರದೇ ಇನ್ನೇನಾಗುತ್ತದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು, ಟ್ರ್ಯಾಕ್ಟರಿಗೆ ಹಾಕುವ ಬೆಲ್ಲದ ಪಾಕದಂಥ ಗೇರ್ ಎಣ್ಣೆಯನ್ನು ಸುರಿದುಬಿಟ್ಟೆ. ಎರೆಮಣ್ಣಿನ ಸೀಮೆಯ ಮಿಸ್ತ್ರಿಗಳಿಗೆಲ್ಲ ಗೊತ್ತಿದ್ದ ಮದ್ದು ಅದೊಂದೇ: ಜಾರಿದರೆ ದಪ್ಪ ಮಾಡು.

ಮರುದಿನವೇ ಬಾಯಿಯವರಿಗೆ ಪಕ್ಕದ ಹಳ್ಳಿಯಿಂದ ಕರೆ ಬಂತು. ಕಾರಿನಲ್ಲಿ ಒಬ್ಬರೇ ಹೊರಟರು. ದಾರಿಯ ನಡುವೆ ಒಂದು ಹಳ್ಳ. ಇಳಿದದ್ದು ಇಳಿದರು, ಆಚೆ ದಂಡೆಯ ಫರಸಿ ಕಲ್ಲು ಹಾಸಿದ ಏರನ್ನು ಕಾರು ಹತ್ತಲಿಲ್ಲ. ಕೂಗಿತು, ಹೊಗೆ ಬಿಟ್ಟಿತು, ಅಲ್ಲೇ ನಿಂತಿತು. ಕೊನೆಗೆ ಹೊಲದಲ್ಲಿದ್ದ ಯಾರೋ ಚಕ್ಕಡಿ ಹೂಡಿ ಅವರನ್ನು ಕರೆದೊಯ್ದರು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಇನ್ನೊಂದು ಅರ್ಧ ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಬಾಯಿಯವರು ನನಗೆ ಹೇಳಿದರು. ಬೈಯಲಿಲ್ಲ, ಬರೀ ಹೇಳಿದರು. ಆ ದಿನ ನನಗೆ ಊಟ ಸೇರಲಿಲ್ಲ.

ಸುದ್ದಿ ಕೇಳಿ ಬಾಯಿಯವರ ತಮ್ಮನ ಗೆಳೆಯರ್ಯಾರೋ ಹುಬ್ಬಳ್ಳಿಯಿಂದ ಒಬ್ಬ ಮಿಸ್ತ್ರಿಯನ್ನು ಕಳಿಸಿದರು. ಅವನು ಕಡುಗೆಂಪು ಬಣ್ಣದ ಪೆಟ್ರೋಲ್ ಜೀಪಿನಲ್ಲಿ ಬಂದ. ಎಂಜಿನ್ನನ್ನು ತಾನೇ ತಿದ್ದಿ ತೀಡಿದ್ದ ಜೀಪು ಅದು, ಬಾಣದಂತೆ ಓಡುತ್ತಿತ್ತು. ನನ್ನ ಗ್ಯಾರೇಜಿನ ಮುಂದೆ ನಿಂತಿದ್ದ ಕಾರನ್ನು ಅವನು ಐದು ನಿಮಿಷ ಕೂಗಿಸಿ ನೋಡಿ ಕೈ ಒರೆಸಿಕೊಂಡ.

"ಈ ಡಬ್ಬಿ ಕಿತ್ತು ಒಗೀರಿ ಬಾಯಾರ. ಕ್ಲಚ್ ಇರೋ ಗೇರ್ ಬಾಕ್ಸ್ ಕೂಡಸ್ತೀನಿ. ಅಗದಿ ಕಲ್ಲಿನಂಗ ಆಗ್ತೈತಿ."

ಬಾಯಿಯವರು ತಮ್ಮ ಎಡಗಾಲನ್ನು ನೋಡಿಕೊಂಡರು. "ಹಂಗಾದ್ರ ನನಗ ಮತ್ತ ಡ್ರೈವರ್ ಬೇಕಾತು," ಎಂದರು. ಕೋಲಿನ ತುದಿಯಿಂದ ಒಮ್ಮೆ ನೆಲ ಕುಟ್ಟಿ, "ಇರ್ಲಿ. ಹಳ್ಳದಾಗ ನಿಲ್ಲೂ ಗಾಡಿಗಿಂತ ಡ್ರೈವರ್ ಇದ್ದ ಗಾಡಿನ ಚಲೋ," ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಹುಬ್ಬಳ್ಳಿಯವನ ಮೇಲೋ ನನ್ನ ಮೇಲೋ ಗೊತ್ತಿಲ್ಲ. "ಕಾರಹುಣ್ಣಿವಿತನಕ ನನಗ ಬಿಡ್ರಿ ಬಾಯಾರ. ಗೇರ್ ಬಾಕ್ಸ್ ಕೆಟ್ಟಿಲ್ಲ," ಎಂದುಬಿಟ್ಟೆ. ಕೆಟ್ಟಿದೆಯೋ ಇಲ್ಲವೋ ನನಗೇನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಅದು.

ಹುಬ್ಬಳ್ಳಿ ಮಿಸ್ತ್ರಿ ನಕ್ಕ. "ಹುಣ್ಣಿವಿಗೆ ಇದ ಜೀಪ್ ತರ್ತೀನಿ. ಎರಡು ಫರ್ಲಾಂಗ್ ಓಡಸೂಣು. ನಿನ್ನ ಕಾರ್ ಮುಂದ ಬಂದ್ರ ಬಾಯಿ ಮುಚ್ಕೊಂಡು ಹೊಳ್ಳಿ ಹೋಗ್ತೀನಿ. ಹಿಂದ ಬಿತ್ತಂದ್ರ ಅವತ್ತ ಜಗ್ಗಿಕೊಂಡು ಹುಬ್ಬಳ್ಳಿಗೆ ಒಯ್ತೀನಿ."

"ಒಯ್ಯುವಾಗ ನನ್ನ ಗ್ಯಾರೇಜಿನ ಬೋರ್ಡನೂ ಕಿತ್ಕೊಂಡು ಹೋಗೋ," ಎಂದೆ. ನನ್ನ ಹೆಂಡತಿ ಆಮೇಲೆ ಇದನ್ನು ಕೇಳಿ ಹಣೆ ಬಡಿದುಕೊಂಡಳು.

ಹುಣ್ಣಿಮೆಗೆ ಹದಿನೆಂಟು ದಿನಗಳಿದ್ದವು. ಮೂರು ದಿನ ಕಾರಿನ ಕೆಳಗೆ ಮಲಗಿ ಸುಮ್ಮನೆ ನೋಡಿದೆ. ನಾಲ್ಕನೆಯ ದಿನ ಒಂದು ಮಾತು ನೆನಪಾಯಿತು. ಮೊರಬದ ಹತ್ತಿರ ಕಾಲುವೆ ಕೆಲಸದಲ್ಲಿ ಮಣ್ಣು ಎತ್ತುವ ದೊಡ್ಡ ಲೋಡರ್ ಓಡುತ್ತಿತ್ತು, ಅದಕ್ಕೆ ಕ್ಲಚ್ ಇಲ್ಲವೆಂದು ಯಾರೋ ಹೇಳಿದ್ದರು. ಎರಡು ಬಸ್ಸು ಬದಲಾಯಿಸಿ ಹೋದೆ. ಲೋಡರ್ ಓಡಿಸುತ್ತಿದ್ದ ಆಪರೇಟರ್ ಸೈನ್ಯದಿಂದ ನಿವೃತ್ತನಾಗಿ ಬಂದ ಐವತ್ತರ ಮನುಷ್ಯ, ಮಾತು ಕಡಿಮೆ. ನಾನು ದಪ್ಪ ಎಣ್ಣೆ ಹಾಕಿದ ಕಥೆ ಹೇಳುತ್ತಿದ್ದಂತೆ ಅವನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟ.

"ತಲಿ ಎಲ್ಲಿಟ್ಟಿದ್ದಿಲೇ? ಇಂಜಿನ್ನಿಗೂ ಗೇರಿಗೂ ನಡುವ ಪ್ಲೇಟ್ ಇಲ್ಲ, ಎಣ್ಣಿ ಐತಿ. ಬರೇ ಎಣ್ಣಿ!"

ಒಂದು ಬಕೆಟ್ಟಿನ ನೀರಿಗೆ ಸೌಟನ್ನು ದಾರದಿಂದ ಇಳಿಬಿಟ್ಟು, ಪಕ್ಕದಲ್ಲೇ ಕೈಯಿಂದ ನೀರನ್ನು ನಿಧಾನವಾಗಿ ತಿರುವಿದ. ಸೌಟು ಅಲುಗಲಿಲ್ಲ. ಜೋರಾಗಿ ತಿರುವಿದ. ಸೌಟು ಗರಗರ ತಿರುಗಿತು. "ಇಷ್ಟ ಇದರ ಸುದ್ದಿ," ಎಂದ. ಎಂಜಿನ್ನಿನ ಕಡೆ ಒಂದು ಪಂಖಾ, ಗೇರಿನ ಕಡೆ ಒಂದು ಪಂಖಾ, ಎರಡೂ ಎಣ್ಣೆ ತುಂಬಿದ ಒಂದೇ ಡಬ್ಬಿಯಲ್ಲಿ. ಮೊದಲನೆಯದು ಎಣ್ಣೆಯನ್ನು ಎರಚುತ್ತದೆ, ಎರಡನೆಯದು ಆ ಹೊಡೆತಕ್ಕೆ ತಿರುಗುತ್ತದೆ. ನಡುವಿನ ಮೂರನೆಯ ಚಿಕ್ಕ ಪಂಖಾ ತಿರುಗಿ ಬರುವ ಎಣ್ಣೆಯನ್ನು ಮತ್ತೆ ಸರಿದಾರಿಗೆ ಹಚ್ಚಿ ಬಲ ಹೆಚ್ಚಿಸುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ನನ್ನ ಬೆಲ್ಲದ ಪಾಕದಲ್ಲಿ ಆ ಪಂಖಾಗಳು ಕೆಸರಲ್ಲಿ ಸಿಕ್ಕಿದ ಎಮ್ಮೆಯಂತೆ ಒದ್ದಾಡಿದ್ದವು.

ಹುಬ್ಬಳ್ಳಿಯಿಂದ ಕೆಂಪು ಎಣ್ಣೆ ತಂದೆ. ಇಳಿಸಿ, ತುಂಬಿ, ಓಡಿಸಿ, ಮತ್ತೆ ಇಳಿಸಿ, ಮೂರು ಸಲ ತೊಳೆದೆ. ಕಾರು ಮೊದಲಿನಂತಾಯಿತು, ಅಂದರೆ ಮೊದಲಿನಷ್ಟೇ ಸಪ್ಪೆ. ಭಾನುವಾರ ಆಪರೇಟರ್ ತಾನೇ ಸಂಶಿಗೆ ಬಂದ. ಬಂದವನೇ ಕಾರಿನ ಹಿಂದಿನ ಆಕ್ಸಲಿಗೆ ಸರಪಳಿ ಹಾಕಿ ನನ್ನ ಬೇವಿನ ಮರಕ್ಕೆ ಕಟ್ಟಿಸಿದ. ಮುಂದೆ ಯಾರೂ ನಿಲ್ಲಬೇಡಿ ಎಂದು ಎಲ್ಲರನ್ನೂ ಸರಿಸಿದ. ಗೇರಿಗೆ ಹಾಕಿ ಬ್ರೇಕ್ ತುಳಿದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ಸದ್ದು ಏರಿತು, ಏರಿತು, ಮರ ನಡುಗಿತು. ಆಮೇಲೆ ಸದ್ದು ಒಂದು ಎತ್ತರಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಐದು ಎಣಿಸುವಷ್ಟರಲ್ಲಿ ಅವನು ಕಾಲು ತೆಗೆದ. ಮತ್ತೊಮ್ಮೆ ಮಾಡಿದ. ಅದೇ ಎತ್ತರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಕೇಳಿದಿ? ಒಳಗ ಸವದಿದ್ರ ಸದ್ದು ಏರ್ಕೋತನ ಹೋಗ್ತಿತ್ತು. ಇದು ಒಂದ ಕಡೆ ಬಂದು ನಿಂದ್ರಾಕತ್ತೈತಿ. ಕೆಟ್ಟದ್ದಲ್ಲ ಇದು, ಯಾರೋ ಬೇಕಂತ ಹಿಂಗ ಮಾಡ್ಯಾರ. ನನ್ನ ಲೋಡರ್ ಇದರ ಅರ್ಧಕ್ಕ ನಿಂದರತೈತಿ."

ಬಾಯಿಯವರು ಅಂಚೆ ಕಚೇರಿಯಿಂದ ಮುಂಬಯಿಗೆ ಟ್ರಂಕ್ ಕಾಲ್ ಹಚ್ಚಿದರು. ತಮ್ಮ ನಕ್ಕನಂತೆ. ಹೌದು, ಆ ಕಾರನ್ನು ಅವನು ಒಂದು ಕಾಲಕ್ಕೆ ಹಳೆಯ ವಿಮಾನಪಟ್ಟಿಯ ಮೇಲೆ ಪಂದ್ಯಕ್ಕೆ ಓಡಿಸುತ್ತಿದ್ದ. ಎಂಜಿನ್ನಿನ ವಾಲ್ವು ತೆರೆಯುವ ಕ್ಯಾಮನ್ನು ಪಂದ್ಯದ್ದು ಹಾಕಿಸಿದ್ದ, ಅದಕ್ಕೆ ಕೆಳಗಿನ ವೇಗದಲ್ಲಿ ಬಲವೇ ಇರುವುದಿಲ್ಲ, ಮೇಲೆ ಹೋದರೆ ಮಾತ್ರ ರಾಕ್ಷಸ. ಆ ಮೇಲಿನ ವೇಗ ಮುಟ್ಟುವವರೆಗೆ ಗಾಡಿಯನ್ನು ಹಿಡಿಯದೆ ಎಂಜಿನ್ನನ್ನು ಸಡಿಲ ಬಿಡಲೆಂದೇ ಚಿಕ್ಕ ಕನ್ವರ್ಟರ್ ಕೂಡಿಸಿದ್ದ. ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಲುಪಿದ ಮೇಲೆಯೇ ಅದು ಕಚ್ಚುವುದು. ಅಕ್ಕನಿಗೆ ಇದನ್ನು ಹೇಳಲು ಮರೆತನಂತೆ! ಆ ಮಹಾಶಯ ಎದುರಿಗಿದ್ದಿದ್ದರೆ ಅವನಿಗೆ ನಾನು ನಾಲ್ಕು ಮಾತು ಸರಿಯಾಗಿ ಹೇಳಿ ಕಳಿಸುತ್ತಿದ್ದೆ.

ಹುಬ್ಬಳ್ಳಿ ಮಿಸ್ತ್ರಿಯ ಗೇರ್ ಬಾಕ್ಸ್ ಕೂಡಿಸಿದ್ದರೂ ಕಾರು ಸುಧಾರಿಸುತ್ತಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಕೆಳಗಿನ ವೇಗದಲ್ಲಿ ಬಲವಿಲ್ಲದ ಎಂಜಿನ್ನನ್ನು ಕ್ಲಚ್ ಬಿಗಿಯಾಗಿ ಹಿಡಿದಿದ್ದರೆ ಅದು ಹೆಜ್ಜೆ ಹೆಜ್ಜೆಗೂ ಸತ್ತು ನಿಲ್ಲುತ್ತಿತ್ತು. ನಾವು ದೋಷವೆಂದು ತಿಳಿದ ಆ ಜಾರುವಿಕೆಯೇ ಅದನ್ನು ಬದುಕಿಸಿತ್ತು.

ಕಾರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದನ್ನು ಓಡಿಸುವ ಬಗೆ ನಮಗೆ ಗೊತ್ತಿರಲಿಲ್ಲ, ಅಷ್ಟೆ. ನಿಧಾನವಾಗಿ ಎಳೆದಾಡಿದರೆ ಒಳಗೆ ಎಣ್ಣೆ ಸುಮ್ಮನೆ ಕಲಕಿ ಕಲಕಿ ಕುದಿಯುತ್ತದೆ. ಹಳ್ಳದಲ್ಲಿ ಬಂದ ಹೊಗೆಯಲ್ಲಿ ಅದರ ಪಾಲೂ ಇತ್ತು. ಅದಕ್ಕೆ ಆಪರೇಟರ್ ಒಂದು ಉಪಾಯ ಹೇಳಿದ. ಗುಜರಿಗೆ ಬಿದ್ದ ಯಂತ್ರವೊಂದರ ಆಯಿಲ್ ಕೂಲರನ್ನು, ಪುಟ್ಟ ರೇಡಿಯೇಟರಿನಂಥದ್ದನ್ನು, ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಿ ತಂದು ಮುಂದಿನ ಜಾಲರಿಯ ಹಿಂದೆ ಕೂಡಿಸಿದೆ. ಎಣ್ಣೆ ತಣ್ಣಗಾಯಿತು. ಉಳಿದದ್ದು ಒಂದೇ ತೊಡಕು, ಅದೇ ದೊಡ್ಡದು. ಏರಿನಲ್ಲಿ ಹೊರಡಬೇಕಾದರೆ ಒಂದು ಕಾಲಿನಿಂದ ಬ್ರೇಕ್ ತುಳಿದು, ಇನ್ನೊಂದು ಕಾಲಿನಿಂದ ಆಕ್ಸಿಲರೇಟರ್ ಒತ್ತಿ, ಸದ್ದು ಏರಿದ ಮೇಲೆ ಬ್ರೇಕ್ ಬಿಡಬೇಕು. ಎರಡು ಕಾಲು ಬೇಕು. ಬಾಯಿಯವರಿಗೆ ಇದ್ದದ್ದು ಒಂದು.

"ನೋಡ್ರಿ ಮತ್ತ," ಎಂದು ಅವರು ನಕ್ಕರು. ಆ ನಗು ನೋಡಲಾಗಲಿಲ್ಲ.

ಹುಣ್ಣಿಮೆ ಹತ್ತಿರ ಬಂದಿತ್ತು, ಮನೆಮನೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದರು. ಕಾರಹುಣ್ಣಿಮೆಯ ಸಂಜೆ ನಮ್ಮಲ್ಲಿ ಊರ ಅಗಸಿಯ ಬಾಗಿಲಿಗೆ ಅಡ್ಡಲಾಗಿ ಬೇವಿನ ಎಲೆ ಕಟ್ಟಿದ ಹಗ್ಗ ಬಿಗಿಯುತ್ತಾರೆ. ಅದೇ ಕರಿ. ಎತ್ತುಗಳನ್ನು ದೂರದಿಂದ ಓಡಿಸಿಕೊಂಡು ಬಂದು ಅದನ್ನು ಹರಿಯಬೇಕು. ಬಿಳಿ ಎತ್ತು ಹರಿದರೆ ಹತ್ತಿ, ಜೋಳ ಚಲೋ. ಕೆಂಪು ಎತ್ತು ಹರಿದರೆ ಗೋದಿ, ಕಡಲೆ ಚಲೋ. ಪ್ರಾಯದಲ್ಲಿ ನಾನೂ ಎತ್ತು ಹಿಡಿದವನು. ಸುಮ್ಮನೆ ಬಿಟ್ಟರೆ ಎತ್ತು ಓಡುವುದಿಲ್ಲ. ಮೂಗುದಾರವನ್ನು ಬಿಗಿಯಾಗಿ ಹಿಡಿದು, ಹಲಗೆ ಬಾರಿಸುವ ಸದ್ದಿಗೆ ಅದು ಕೆರಳಿ, ಮಣ್ಣು ಕೆದರಿ, ಮೈಯೆಲ್ಲ ಮುಂದಕ್ಕೆ ಒರಗಿದ ಮೇಲೆ ಬಿಡಬೇಕು. ಮೂಗುದಾರ ಹಿಡಿಯುವುದು ಕಾಲಿನಿಂದಲ್ಲವಲ್ಲ, ಕೈಯಿಂದ. ಈ ಯೋಚನೆ ಬಂದಾಗ ನಾನು ಊಟದ ತಟ್ಟೆ ಬಿಟ್ಟು ಎದ್ದೆ.

ಆ ಕಾರಿಗೆ ಹ್ಯಾಂಡ್ ಬ್ರೇಕ್ ಇತ್ತು, ಹೆಸರಿಗೆ ಮಾತ್ರ. ಅದನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿದೆ. ಹಿಂದಿನ ಗಾಲಿಗಳ ಬ್ರೇಕಿಗೆ ದಪ್ಪ ಲೈನಿಂಗ್ ಬಡಿಸಿದೆ, ದಪ್ಪ ತಂತಿ ಎಳೆದೆ, ಸೀಟಿನ ಪಕ್ಕದಲ್ಲಿ ಮೊಳದುದ್ದದ ಕಬ್ಬಿಣದ ಹಿಡಿ ನಿಲ್ಲಿಸಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಅದೂ ಹಿಡಿಯುತ್ತಿರಲಿಲ್ಲ, ಆದರೆ ಅರ್ಧಕ್ಕಿಂತ ಸ್ವಲ್ಪ ಮೇಲಿನ ಸದ್ದಿಗೆ ಹಿಡಿಯುತ್ತಿತ್ತು. ಬಾಯಿಯವರು ಕೂತು ಎಡಗೈಯಿಂದ ಹಿಡಿ ಎಳೆದರು. ಕೋಲೂರಿ ಗಟ್ಟಿಯಾದ ಆ ಕೈಗೆ ಅದು ಯಾವ ಲೆಕ್ಕ! ಬಲಗಾಲಿನಿಂದ ಮೆಲ್ಲಗೆ ಒತ್ತಿದರು.

"ಐದು ಎಣಸೂದ್ರಾಗ ಬಿಡ್ರಿ ಬಾಯಾರ, ಇಲ್ಲಂದ್ರ ಎಣ್ಣಿ ಕಾಯ್ತೈತಿ," ಎಂದೆ.

"ನಾಡಿ ಎಣಸೂದು ನನಗ ಕಲಸ್ತೀರೇನ್ರಿ?" ಎಂದು ಅವರು ಹಿಡಿ ಬಿಟ್ಟರು. ಸೀಟುಗಳ ನಡುವೆ ಬಗ್ಗಿ ನೋಡುತ್ತಿದ್ದ ನಾನು ಹಿಂದಿನ ಸೀಟಿಗೆ ಹೋಗಿ ಬಿದ್ದೆ.

ಹುಣ್ಣಿಮೆಯ ಸಂಜೆ ಕರಿಯನ್ನು ಬಿಳಿ ಎತ್ತೇ ಹರಿಯಿತು. ಆ ಗದ್ದಲ ಮುಗಿದ ಮೇಲೆ ಜನ ಮನೆಗೆ ಹೋಗಲಿಲ್ಲ, ಊರಾಚೆಯ ನೆಟ್ಟನೆಯ ರಸ್ತೆಗೆ ಬಂದರು. ಹಿರಿಯರೊಬ್ಬರು ಹರಿದುಳಿದ ಹಗ್ಗವನ್ನೇ ತಂದು ಎರಡು ಫರ್ಲಾಂಗಿನ ಆಚೆ ರಸ್ತೆಗೆ ಅಡ್ಡ ಕಟ್ಟಿಸಿದರು. ಜೀಪು ಬಂದು ನಿಂತಿತು. ನಾನು ಕಾರಿನ ಬಾಗಿಲು ತೆಗೆದು ಒಳಗೆ ಕೂರಲು ಹೋದೆ.

"ಸರೀರಿ ಮಿಸ್ತ್ರಿ," ಎಂದರು ಬಾಯಿಯವರು. "ನೀವು ಗೆದ್ರ ನನಗೇನ್ ಬಂತು? ನಾಳಿ ಹಳ್ಳದಾಗ ನೀವು ಇರ್ತೀರೇನು?" ಕೋಲನ್ನು ನನ್ನ ಕೈಗೆ ಕೊಟ್ಟು ತಾವೇ ಕೂತರು. ಜನ ರಸ್ತೆಯ ಅಂಚಿಗೆ ಸರಿದರು. ಕೋಲು ಹಿಡಿದು ನಾನೂ ಸರಿದೆ.

ಆಪರೇಟರ್ ಮೊರಬದಿಂದ ಬಂದಿದ್ದ. ಅವನೇ ಟವೆಲ್ ಬೀಸಿದ. ಜೀಪು ಧೂಳೆಬ್ಬಿಸಿ ಹೊರಟೇ ಹೋಯಿತು. ಕಾರು ಹೊರಡಲಿಲ್ಲ. ನಿಂತಲ್ಲೇ ಕೂಗಿತು. ಹಳ್ಳದಲ್ಲಿ ಎದ್ದಿದ್ದ ಅದೇ ಕೂಗು, ನನ್ನ ಗ್ಯಾರೇಜಿನ ಮುಂದೆ ವಾರಗಟ್ಟಲೆ ಎಲ್ಲರೂ ಕೇಳಿ ನಕ್ಕಿದ್ದ ಅದೇ ಕೂಗು. "ಹೋತು, ಮತ್ತ ಜಾರ್ತು," ಎಂದು ಯಾರೋ ಅಂದರು. ಜೀಪು ಮೂರು ಮಾರು ಮುಂದೆ, ಐದು ಮಾರು ಮುಂದೆ. ತೆರೆದ ಕಿಟಕಿಯಿಂದ ಬಾಯಿಯವರ ತುಟಿ ಕಾಣುತ್ತಿತ್ತು. ಎಣಿಸುತ್ತಿದ್ದರು. ಕಾರಿನ ಹಿಂಭಾಗ ಕುಗ್ಗಿತು, ಮೂತಿ ಮೇಲೆದ್ದಿತು, ಮೂಗುದಾರ ಹಿಡಿದ ಎತ್ತಿನಂತೆಯೇ. ನಾಲ್ಕಕ್ಕೆ ಅವರು ಹಿಡಿ ಬಿಟ್ಟರು.

ಅದು ಹೋಗುವುದನ್ನು ನಾನು ನೋಡಲಿಲ್ಲ, ಹೋಗಿಯಾಗಿದ್ದನ್ನು ನೋಡಿದೆ. ನಿಂತಿದ್ದ ಜಾಗದಲ್ಲಿ ಧೂಳು, ಎರಡು ಕಪ್ಪು ಗೆರೆ. ಅರ್ಧ ದಾರಿಯೂ ಆಗಿರಲಿಲ್ಲ, ಕಾರು ಜೀಪಿನ ಪಕ್ಕದಲ್ಲಿತ್ತು. ಆಮೇಲೆ ಜೀಪು ಎಲ್ಲೂ ಕಾಣಲೇ ಇಲ್ಲ. ಬೇವಿನ ಎಲೆಯ ಹಗ್ಗವನ್ನು ಕೊರಳಿಗೆ ಸುತ್ತಿಕೊಂಡು ಬಿಳಿ ಕಾರು ಮುಂದಿನ ತಿರುವಿನವರೆಗೂ ಹೋಗಿ ನಿಂತಿತು.

"ಬಿಳೀದ ಹರೀತು!" ಎಂದು ಆ ಹಿರಿಯರು ಕೂಗಿದರು. "ಎರಡ ಸಲ ಹರೀತು! ಈ ವರ್ಷ ಹತ್ತಿ ಇಡಾಕ ಜಾಗ ಸಾಲಂಗಿಲ್ಲ!" ಹಲಗೆ ಮತ್ತೆ ಶುರುವಾಯಿತು. ನಾನು ಕುಣಿದೆ ಎಂದು ಜನ ಹೇಳುತ್ತಾರೆ, ಡಾಕ್ಟರ್ ಬಾಯಿಯ ಕೋಲನ್ನು ಎತ್ತಿ ಹಿಡಿದುಕೊಂಡು. ಕುಣಿದಿರಬೇಕು. ಅಷ್ಟು ದೊಡ್ಡ ಸಂತೋಷ ನನ್ನ ಜೀವನದಲ್ಲಿ ಎರಡು ಮೂರು ಸಲವಷ್ಟೇ ಬಂದಿದೆ.

ಹುಬ್ಬಳ್ಳಿ ಮಿಸ್ತ್ರಿ ಜೀಪಿನಿಂದ ಇಳಿದು ಬಂದು ನೇರ ಕಾರಿನ ಕೆಳಗೆ ತೂರಿದ. ಹೊರಗೆ ಬಂದು ಅಂಗಿ ಝಾಡಿಸಿಕೊಂಡು, "ಹ್ಯಾಂಡ್ ಬ್ರೇಕ್ ಅಗದಿ ಚಲೋ ಮಾಡೀಯೋ. ಉಳದದ್ದೂ ಒಂದೀಟು ತಿಳಿಸಿ ಹೇಳು," ಎಂದ. ಅವನ ಮೇಲಿನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಬಕೆಟ್ಟು, ಸೌಟು ತರಿಸಿ ಅವನಿಗೂ ತೋರಿಸಿದೆ.

ನಾವು ಇನ್ನೂ ಅಲ್ಲೇ ನಿಂತಿದ್ದೆವು, ಬಾಯಿಯವರು ಕಾರಿನಿಂದ ಇಳಿದಿರಲಿಲ್ಲ. ಸೈಕಲ್ಲಿನಲ್ಲಿ ಒಬ್ಬ ಏದುಸಿರು ಬಿಡುತ್ತ ಬಂದ. ಹಳ್ಳದಾಚೆಯ ಊರಿನಲ್ಲಿ ಅವನ ತಂಗಿಗೆ ಹೆರಿಗೆ ನೋವು ಶುರುವಾಗಿತ್ತು. "ಬಾಯಾರ, ಡ್ರೈವರ್ ಯಾರರ ಅದಾರೇನ್ರಿ?" ಎಂದು ಕೇಳಿದ, ಎಲ್ಲರೂ ಕೇಳುತ್ತಿದ್ದಂತೆಯೇ.

ಬಾಯಿಯವರು ಚೀಲ ತರಿಸಿದರು, ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು, ಹೊರಟರು. ನಾವು ರಸ್ತೆಯಲ್ಲಿ ಕಿವಿಗೊಟ್ಟು ನಿಂತೆವು. ಹಳ್ಳ ಅಲ್ಲಿಂದ ಒಂದು ಮೈಲಿ. ಸದ್ದು ಇಳಿಯಿತು, ಇಲ್ಲವಾಯಿತು. ಹಳ್ಳಕ್ಕೆ ಇಳಿದಿದ್ದರು. ಆಮೇಲೆ ಆ ಕೂಗು ಎದ್ದಿತು. ಆಪರೇಟರ್ ಬೆರಳು ಮಡಚುತ್ತ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಕೂಗು ಒಮ್ಮೆಲೇ ಮುರಿದು ಮುಂದಕ್ಕೆ ಹರಿಯಿತು, ದಂಡೆ ಹತ್ತಿತು, ದೂರ ದೂರ ಹೋಗಿ ಎರೆಹೊಲಗಳ ಆಚೆ ಕರಗಿತು.

ಅವರ ಕೋಲು ನನ್ನ ಕೈಯಲ್ಲೇ ಉಳಿದಿತ್ತು. ಅವಸರದಲ್ಲಿ ಮರೆತು ಹೋಗಿದ್ದರು.